ಸೈಟಿನ ನಡತೆಗೂ ಒಂದು ಅಳತೆ



ಬೆಂಗಳೂರಿನ ಕಾಮಾಕ್ಷಿಪಾಳ್ಯದಿಂದ ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ, ಹೊರವರ್ತುಲ ರಸ್ತೆ ಕೂಡುವ ಕಡೆ ಸುಮನಹಳ್ಳಿ ಮೇಲ್ಸೇತುವೆ ಸಿಗುತ್ತದೆ. 2019ರ ನವೆಂಬರ್‌ನಲ್ಲಿ ಈ ಸೇತುವೆಯ ಕಾಂಕ್ರೀಟ್ ಕಳಚಿ ಬಿದ್ದು ದೊಡ್ಡ ತೂತಾಯಿತು. ಕಂಬಿಗಳ ಸಂದಿಯಿಂದ ಕೆಳಗಿನ ರಸ್ತೆಯೇ ಕಾಣುತ್ತಿತ್ತು. ರಿಪೇರಿ ನಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೂತು ಬಿತ್ತು, ಮತ್ತೆ ರಿಪೇರಿಯಾಯಿತು. ಅದೇನು ಅಜ್ಜನ ಕಾಲದ ಸೇತುವೆಯಲ್ಲ. ನಮ್ಮ ಕಣ್ಣೆದುರೇ ಎದ್ದು ನಿಂತದ್ದು.

ಅಲ್ಲಿ ತಪ್ಪು ಯಾರದೆಂದು ತೀರ್ಪು ಕೊಡಲು ನಾನು ಈ ಮೈಕಿನ ಮುಂದೆ ಕೂತಿಲ್ಲ. ಆದರೆ ಇಂಥದ್ದು ನಡೆದಾಗಲೆಲ್ಲ ನಾವು ಸಿಮೆಂಟು ಯಾವುದು, ಕಂಬಿ ಎಷ್ಟು, ಕಂಟ್ರಾಕ್ಟರ್ ಯಾರು ಎಂದು ಕೇಳುತ್ತೇವೆ. ಇನ್ನೊಂದು ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಕಾಂಕ್ರೀಟ್ ಹಾಕಿದ ದಿನ ಅಲ್ಲಿ ನಾಲ್ಕಾರು ಎಂಜಿನಿಯರುಗಳು, ಮೇಸ್ತ್ರಿಗಳು, ಹತ್ತಿಪ್ಪತ್ತು ಕೂಲಿಯವರು ಇದ್ದೇ ಇರುತ್ತಾರೆ. ಏನಾದರೂ ಸರಿಯಿಲ್ಲ ಎಂದು ಅವರಲ್ಲಿ ಒಬ್ಬರಿಗೆ ಕಂಡಿದ್ದರೆ, ಅವರು ಬಾಯಿ ಬಿಡುವ ಹಾಗಿತ್ತೇ? ಬಿಟ್ಟಿದ್ದರೆ ಕೆಲಸ ನಿಲ್ಲುತ್ತಿತ್ತೇ? ಒಂದು ತಂಡದ ನಡತೆಯೆಂದರೆ ನನ್ನ ಪಾಲಿಗೆ ಇದು. ಮತ್ತು ಇದನ್ನು ಅಳೆಯಬಹುದು. ಕಂಬಿಯ ದಪ್ಪವನ್ನು ಅಳೆದಷ್ಟು ಸಲೀಸಾಗಿ ಅಲ್ಲದಿದ್ದರೂ, ಖಂಡಿತ ಅಳೆಯಬಹುದು.

ಕಟ್ಟಡ ಕೆಲಸದಲ್ಲಿ ನೀತಿ ಎಂದ ಕೂಡಲೇ ನಮಗೆ ವಿಶ್ವೇಶ್ವರಯ್ಯನವರ ನೆನಪು ಬರುತ್ತದೆ. ಸರ್ಕಾರದ ಕೆಲಸಕ್ಕೆ ಸರ್ಕಾರದ ಮೇಣದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತದ್ದು ಎಂಬ ಕತೆಯನ್ನು ಕೇಳದೆ ಬೆಳೆದ ಮಗು ನಮ್ಮಲ್ಲಿಲ್ಲ. ಕತೆಯ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ನಲವತ್ತು ಜನ ದುಡಿಯುವ ಸೈಟಿನಲ್ಲಿ ನಲವತ್ತು ವಿಶ್ವೇಶ್ವರಯ್ಯನವರನ್ನು ಎಲ್ಲಿಂದ ತರುವುದು? ಅವರ ಇನ್ನೊಂದು ಕೆಲಸವನ್ನು ನೆನೆಯುವುದು ಹೆಚ್ಚು ಉಪಯುಕ್ತ ಎನಿಸುತ್ತದೆ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಗೇಟುಗಳನ್ನು ಅಳವಡಿಸಿದರು. ನೀರು ಇಂತಿಷ್ಟು ಮಟ್ಟಕ್ಕೆ ಏರಿದರೆ ಗೇಟು ತೆರೆಯಲೇಬೇಕು. ಕಾವಲುಗಾರ ಎಚ್ಚರವಾಗಿದ್ದಾನೋ ಇಲ್ಲವೋ ಎಂಬುದರ ಮೇಲೆ ಊರಿನ ಹಣೆಬರಹ ನಿಲ್ಲಬಾರದು ಎಂಬ ಲೆಕ್ಕಾಚಾರ ಅದು. ಸೈಟಿನ ನಡತೆಯೂ ಯಾರೋ ಒಬ್ಬರ ಒಳ್ಳೆಯತನವನ್ನೇ ನೆಚ್ಚಿಕೊಂಡಿರಬಾರದು.

ಹಾಗಾದರೆ ಅಳೆಯುವುದು ಹೇಗೆ? ಕಾಮಾಕ್ಷಿಪಾಳ್ಯದವರಿಗೆ ಇದನ್ನು ವಿವರಿಸುವುದು ಸುಲಭ. ಇಲ್ಲಿನ ಗಲ್ಲಿಗಳಲ್ಲಿ ಲೇಥ್, ಮಿಲ್ಲಿಂಗ್ ಮಿಷನ್ನುಗಳ ಸಣ್ಣ ಸಣ್ಣ ವರ್ಕ್‌ಷಾಪುಗಳಿವೆ. ಸಾವಿರ ಪಿನ್ನು ತಿರುವಿದರೆ ಅದರಲ್ಲಿ ಒಂದಷ್ಟು ರಿಜೆಕ್ಷನ್ ಇದ್ದೇ ಇರುತ್ತದೆ ಎಂದು ಇಲ್ಲಿನ ಹೊಸ ಹುಡುಗನಿಗೂ ಗೊತ್ತು. ತಿಂಗಳುಗಟ್ಟಲೆ ಒಂದು ಪೀಸನ್ನೂ ತಳ್ಳಿಹಾಕದ ಇನ್ಸ್‌ಪೆಕ್ಟರ್ ಇದ್ದರೆ, ಅವನು ಗೇಜು ಹಿಡಿಯುತ್ತಲೇ ಇಲ್ಲ ಎಂದು ಮಾಲೀಕರು ಅರ್ಥ ಮಾಡಿಕೊಳ್ಳುತ್ತಾರೆ. ಕಟ್ಟಡದ ಸೈಟಿಗೂ ಇದೇ ಮಾತು ಸಲ್ಲುತ್ತದೆ. ಕೆಟ್ಟ ಸುದ್ದಿಯೇ ಇಲ್ಲದ ರಿಜಿಸ್ಟರು ಒಳ್ಳೆಯ ಸೈಟಿನ ಗುರುತಲ್ಲ.

ಕಾಂಕ್ರೀಟ್ ಕ್ಯೂಬಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಉದ್ಯೋಗದ ಬಹುಪಾಲು ಇದರಲ್ಲೇ ಕಳೆದಿದೆ. ಮೋಲ್ಡ್ ಹಾಕುವ ದಿನ ಸುರಿಯುತ್ತಿರುವ ಕಾಂಕ್ರೀಟಿನಿಂದಲೇ ಒಂದಿಷ್ಟು ತೆಗೆದು, 150 ಮಿಲಿಮೀಟರ್ ಅಳತೆಯ ಕಬ್ಬಿಣದ ಅಚ್ಚುಗಳಿಗೆ ತುಂಬಬೇಕು. ಒಂದು ಮಾದರಿಗೆ ಮೂರು ಕ್ಯೂಬು. ಮರುದಿನ ಅಚ್ಚು ಬಿಚ್ಚಿ, ತಾರೀಖು ಬರೆದು, ನೀರಿನ ತೊಟ್ಟಿಗೆ ಹಾಕಬೇಕು. 28 ದಿನ ತುಂಬಿದ ಮೇಲೆ ಒತ್ತುವ ಯಂತ್ರದ ನಡುವೆ ಇಟ್ಟು ಒಡೆಯಬೇಕು. ಸುಮಾರು ಎಂಟು ಕಿಲೋ ತೂಗುವ ಆ ಗಟ್ಟಿ, ಎಂ-25 ದರ್ಜೆಯದ್ದಾದರೆ, ಹೆಚ್ಚುಕಡಿಮೆ 57 ಟನ್ ಭಾರ ತಡೆಯಬೇಕು. ಎಷ್ಟು ಮಾದರಿ ತೆಗೆಯಬೇಕೆಂಬುದಕ್ಕೂ ಐಎಸ್ 456 ಎಂಬ ಭಾರತೀಯ ಮಾನಕದಲ್ಲಿ ಲೆಕ್ಕವಿದೆ. 16ರಿಂದ 30 ಘನಮೀಟರ್ ಕಾಂಕ್ರೀಟಿಗೆ ಮೂರು, 31ರಿಂದ 50ಕ್ಕೆ ನಾಲ್ಕು, ಹೀಗೆ.

ಅದೇ ಮಾನಕ ಒಂದು ದೊಡ್ಡ ಸತ್ಯವನ್ನು ಒಪ್ಪಿಕೊಂಡಿದೆ. ಎಂ-25 ಎಂದರೆ ಪ್ರತಿಯೊಂದು ಫಲಿತಾಂಶವೂ ಚದರ ಮಿಲಿಮೀಟರಿಗೆ 25 ನ್ಯೂಟನ್ನಿನ ಮೇಲೇ ಇರುತ್ತದೆ ಎಂದಲ್ಲ. ನೂರಕ್ಕೆ ಐದರಷ್ಟು ಅದಕ್ಕಿಂತ ಕೆಳಗೆ ಬರಬಹುದು. ಜಲ್ಲಿ ಬೇರೆ, ಎಂ ಸ್ಯಾಂಡಿನ ತೇವ ಬೇರೆ, ಬಿಸಿಲು ಬೇರೆ, ಕೈ ಬೇರೆ. ಹೀಗಾಗಿ ನಿಜವಾದ ಸೈಟಿನ ಕ್ಯೂಬ್ ರಿಜಿಸ್ಟರಿನಲ್ಲಿ ಅಂಕಿಗಳು ಹರಡಿಕೊಂಡಿರುತ್ತವೆ. 29.4, 33.1, 27.8, 31.6, ನಡುವೆ ಎಲ್ಲೋ ಒಂದು 24.2. ಪುಟದ ತುಂಬ 26.1, 26.2, 26.1, 26.3 ಎಂದು ಸಾಲಾಗಿ ನಿಂತಿದ್ದರೆ, ಆ ಪುಟವನ್ನು ಬರೆದದ್ದು ಯಂತ್ರವಲ್ಲ, ಪೆನ್ನು. ಇನ್ನೂ ಒಂದು ಚಾಳಿಯಿದೆ. ಕ್ಯೂಬಿಗೆಂದೇ ಬೇರೆ ಬಾಂಡ್ಲಿಯಲ್ಲಿ ಸಿಮೆಂಟು ಹೆಚ್ಚು ಹಾಕಿ ಕಲಸುವುದು. ಕ್ಯೂಬು ಕಲ್ಲಿನಂತೆ ಗಟ್ಟಿಯಾಗುತ್ತದೆ, ಕಟ್ಟಡ ಹಾಗಾಗುವುದಿಲ್ಲ.

ಆದ್ದರಿಂದ ಕ್ಯೂಬಿನ ರಿಜಿಸ್ಟರು ಕಾಂಕ್ರೀಟಿನ ಜೊತೆಗೆ ಜನರನ್ನೂ ಅಳೆಯುತ್ತದೆ. ಫೇಲಾದ ಅಂಕಿ ಅದರಲ್ಲಿ ದಾಖಲಾಗಿದೆಯೇ? ಯಾವ ದಿನ, ಯಾರ ಸಹಿಯೊಂದಿಗೆ? ಆ ಸುದ್ದಿ ಪ್ರಾಜೆಕ್ಟ್ ಮ್ಯಾನೇಜರ್ ಮೇಜಿಗೆ ಹೋಗಲು ಎಷ್ಟು ದಿನ ಹಿಡಿಯಿತು? ಅಷ್ಟರಲ್ಲಿ ಅದರ ಮೇಲೆ ಇನ್ನೊಂದು ಮಹಡಿ ಎದ್ದುಬಿಟ್ಟಿತೇ? ಈ ನಾಲ್ಕು ಪ್ರಶ್ನೆಗಳಿಗೂ ತಾರೀಖಿನಲ್ಲೇ ಉತ್ತರ ಸಿಗುತ್ತದೆ. ಯಾರ ಮನಸ್ಸನ್ನೂ ಬಗೆದು ನೋಡಬೇಕಾಗಿಲ್ಲ.

ಅಮೆರಿಕದ ಹಾರ್ವರ್ಡಿನಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ವಿದ್ವಾಂಸೆ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳನ್ನು ಅಧ್ಯಯನ ಮಾಡಿದರು. ಒಗ್ಗಟ್ಟಿನಿಂದ, ಒಳ್ಳೆಯ ಮುಂದಾಳಿನ ಕೈಕೆಳಗೆ ದುಡಿಯುವ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳು ಕಡಿಮೆ ಇರುತ್ತವೆ ಎಂದು ಅವರು ಎಣಿಸಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚಿದ್ದವು. ಕೆದಕಿ ನೋಡಿದಾಗ ಗೊತ್ತಾದದ್ದು: ಅವರು ತಪ್ಪು ಹೆಚ್ಚು ಮಾಡುತ್ತಿರಲಿಲ್ಲ, ಹೆದರದೆ ಹೇಳಿಕೊಳ್ಳುತ್ತಿದ್ದರು. ನಮ್ಮ ದೊಡ್ಡ ಸೈಟುಗಳ ಗೇಟಿನಲ್ಲಿ ‘ಅಪಘಾತವಿಲ್ಲದೆ ಇಷ್ಟು ದಿನ’ ಎಂಬ ಹಲಗೆ ನೋಡಿರುತ್ತೀರಿ. ಆ ಅಂಕಿಗೆ ಬಹುಮಾನ ಕಟ್ಟಿದರೆ ಕೂಲಿಯವನ ಬೆರಳು ಜಜ್ಜಿಹೋದರೂ ಅದು ಹಲಗೆಯವರೆಗೆ ಬರುವುದಿಲ್ಲ. ಯಾವುದೋ ಕ್ಲಿನಿಕ್ಕಿನಲ್ಲಿ ಪಟ್ಟಿ ಕಟ್ಟಿಸಿ, ನಾಲ್ಕು ದಿನ ರಜೆ ಕೊಟ್ಟು ಮುಗಿಸುತ್ತಾರೆ. ಅಳತೆ ಇಡುವವರು ಈ ಅಪಾಯವನ್ನು ಮೊದಲೇ ಎಣಿಸಬೇಕು. ಕೆಟ್ಟ ಸುದ್ದಿ ಕಡಿಮೆಯಾದದ್ದಕ್ಕೆ ಬಹುಮಾನ ಕೊಟ್ಟರೆ ಕೆಟ್ಟ ಸುದ್ದಿಯನ್ನು ಮುಚ್ಚಿಡುವುದಕ್ಕೆ ದುಡ್ಡು ಕೊಟ್ಟ ಹಾಗೆ.

ಮುಚ್ಚಿಟ್ಟರೆ ಏನಾಗುತ್ತದೆಂಬುದಕ್ಕೆ ಬೆಂಗಳೂರು ಬಹಳ ದೊಡ್ಡ ಬೆಲೆ ತೆತ್ತ ಊರು. 1983ರ ಸೆಪ್ಟೆಂಬರ್ 12ರಂದು ಮೆಜೆಸ್ಟಿಕ್ ಪ್ರದೇಶದಲ್ಲಿ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು 123 ಜನ ಸತ್ತರು. 2019ರ ಮಾರ್ಚ್ 19ರಂದು ಅತ್ತ ಧಾರವಾಡದ ಕುಮಾರೇಶ್ವರ ನಗರದಲ್ಲಿ 19 ಜನ. 2024ರ ಅಕ್ಟೋಬರ್ 22ರಂದು ಮತ್ತೆ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 9 ಜನ. ಈ ಮೂರೂ ಕಟ್ಟುತ್ತಿದ್ದ ಕಟ್ಟಡಗಳು. ನಮ್ಮ ಪಕ್ಕದ ಕಮಲಾನಗರದಲ್ಲಿ 2021ರ ಅಕ್ಟೋಬರ್‌ನಲ್ಲಿ ಶಂಕರನಾಗ್ ಬಸ್ ನಿಲ್ದಾಣದ ಬಳಿ ವಾಲಿದ ಕಟ್ಟಡ ನಿಮಗೆ ನೆನಪಿರಬಹುದು. ಅಲ್ಲಿನ ಸಂಸಾರಗಳನ್ನು ಸಮಯಕ್ಕೆ ಸರಿಯಾಗಿ ಹೊರಗೆ ಕಳುಹಿಸಿದ್ದರಿಂದ ಪ್ರಾಣಗಳು ಉಳಿದವು. ಆಮೇಲೆ ಅದನ್ನು ಕೆಡವಿದರು. ಬಿರುಕು, ವಾಲು, ಸದ್ದು, ಇವು ಮೊದಲು ಕಾಣುವುದು ಅಲ್ಲೇ ಇರುವವರಿಗೆ. ಅವರ ಮಾತಿಗೆ ಎಷ್ಟು ಬೇಗ ಬೆಲೆ ಸಿಗುತ್ತದೆ ಎಂಬುದರಲ್ಲಿ ಪ್ರಾಣದ ಲೆಕ್ಕವಿದೆ.

2023ರ ಜನವರಿ 10ರ ಬೆಳಿಗ್ಗೆ ನಾಗವಾರದ ಕಡೆ ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಪಿಲ್ಲರಿಗೆಂದು ನಿಲ್ಲಿಸಿದ್ದ ಕಂಬಿಯ ಪಂಜರ ಸ್ಕೂಟರಿನ ಮೇಲೆ ಉರುಳಿ ತಾಯಿ ಮತ್ತು ಪುಟ್ಟ ಮಗು ತೀರಿಕೊಂಡರು. ಆ ದಿನವನ್ನು ನಾನು ಇಂದಿಗೂ ಸಮಾಧಾನದಿಂದ ನೆನೆಯಲಾರೆ. ಪಂಜರವನ್ನು ಎಳೆದು ಹಿಡಿಯುವ ತಾತ್ಕಾಲಿಕ ಆಧಾರ ಸಾಲದಾಗಿತ್ತು ಎಂದು ತಜ್ಞರ ತನಿಖೆ ಹೇಳಿತು. ತಾತ್ಕಾಲಿಕ ಆಧಾರವನ್ನು ಬಿಲ್ಲಿನಲ್ಲಿ ಯಾರೂ ದೊಡ್ಡದಾಗಿ ತೋರಿಸುವುದಿಲ್ಲ, ಉದ್ಘಾಟನೆಯ ಫೋಟೋದಲ್ಲೂ ಅದು ಇರುವುದಿಲ್ಲ. ಕೆಲಸ ಮುಗಿದ ಮೇಲೆ ಬಿಚ್ಚಿ ಎಸೆಯುವ ವಸ್ತು. ಹಾಗಾಗಿ ಒಂದು ತಂಡದ ನಡತೆಯನ್ನು ನೋಡಲು ನನ್ನನ್ನು ಕಳುಹಿಸಿದರೆ ನಾನು ಮೊದಲು ನೋಡುವುದು ಇಂಥವನ್ನೇ. ಸೆಂಟ್ರಿಂಗ್ ಊರುಗೋಲು, ಗುಂಡಿಯ ಸುತ್ತ ಕಟ್ಟಿದ ತಡೆ, ಎತ್ತರದಲ್ಲಿ ದುಡಿಯುವವನ ಬೆಲ್ಟಿನ ಕೊಕ್ಕೆ. ಯಾರೂ ಶಭಾಷ್ ಎನ್ನದ ಕಡೆ ತಂಡ ಎಷ್ಟು ಖರ್ಚು ಮಾಡಿದೆ ಎಂಬುದು ಅದರ ಸ್ವಭಾವ ಹೇಳುತ್ತದೆ.

ನಡತೆ ಅಳೆಯಲು ಪ್ರಶ್ನಾವಳಿ ಹಂಚುವ ಪದ್ಧತಿಯೂ ಇದೆ. 1980ರ ದಶಕದ ಕೊನೆಯಲ್ಲಿ ವಿಕ್ಟರ್ ಮತ್ತು ಕಲ್ಲನ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಸಂಸ್ಥೆಯೊಂದರ ನೈತಿಕ ವಾತಾವರಣವನ್ನು ತಿಳಿಯಲು ಒಂದು ಪ್ರಶ್ನಾವಳಿ ರೂಪಿಸಿದರು. ಅವರ ಜಾಣತನ ಎಲ್ಲಿತ್ತೆಂದರೆ, ನೀವು ಪ್ರಾಮಾಣಿಕರೇ ಎಂದು ಅವರು ಕೇಳಲಿಲ್ಲ. ಆ ಪ್ರಶ್ನೆಗೆ ಇಲ್ಲ ಎನ್ನುವವರು ಯಾರು? ಇಲ್ಲಿ ಜನ ಸಾಮಾನ್ಯವಾಗಿ ಏನು ಮಾಡುತ್ತಾರೆ ಎಂದು ಕೇಳಿದರು. ಇದನ್ನು ನಮ್ಮ ಸೈಟಿಗೆ ತರುವಾಗ ಒಂದು ಮಾತು ಸೇರಿಸಬೇಕು. ಎಂಜಿನಿಯರುಗಳಿಗೆ ಇಂಗ್ಲಿಷಿನಲ್ಲಿ ಕೇಳಿ ಕೈತೊಳೆದುಕೊಂಡರೆ ಸಾಲದು. ಯಾದಗಿರಿ, ರಾಯಚೂರಿನಿಂದ ಬಂದ ಗಾರೆಯವರಿಗೆ ಅವರ ಕನ್ನಡದಲ್ಲಿ, ಬಿಹಾರದಿಂದ ಬಂದ ಬಾರ್ ಬೆಂಡರಿಗೆ ಹಿಂದಿಯಲ್ಲಿ, ಸೂಪರ್‌ವೈಸರ್ ಪಕ್ಕದಲ್ಲಿ ಇಲ್ಲದಾಗ ಕೇಳಬೇಕು. ‘ಸೆಂಟ್ರಿಂಗ್ ಬಿಚ್ಚಿದಾಗ ಪಿಲ್ಲರ್ ಬುಡದಲ್ಲಿ ಜಲ್ಲಿ ಹಲ್ಲು ಕಿರಿಯುತ್ತಿದ್ದರೆ ಇಲ್ಲಿ ಏನು ಮಾಡುತ್ತಾರೆ?’ ಎಂಬ ಒಂದೇ ಪ್ರಶ್ನೆ ಸಾಕು. ಮ್ಯಾನೇಜರು, ‘ವರದಿ ಬರೆದು, ಒಡೆದು ಸರಿಪಡಿಸುತ್ತೇವೆ’ ಎನ್ನುತ್ತಾರೆ. ಗಾರೆಯವನು, ‘ಸಾಹೇಬ್ರು ಬರೋದ್ರೊಳಗ ಸಿಮೆಂಟ್ ಮೆತ್ತಿಬಿಡ್ತೀವಿ ರೀ’ ಎನ್ನಬಹುದು. ಈ ಎರಡು ಉತ್ತರಗಳ ನಡುವಿನ ದೂರ ಇದೆಯಲ್ಲ, ನಾನು ನಂಬುವ ಅಳತೆ ಅದು. ಮೇಲಿನವರ ಉತ್ತರಕ್ಕೂ ಕೆಳಗಿನವರ ಉತ್ತರಕ್ಕೂ ಅಂತರ ಕಡಿಮೆ ಇರುವ ತಂಡವನ್ನು ಕಣ್ಣು ಮುಚ್ಚಿ ನಂಬಬಹುದು.

ಗಾರೆಯವನು ಮೆತ್ತುವುದು ಅವನು ಕೆಟ್ಟವನೆಂದಲ್ಲ. ಹೇಳಿದರೆ ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ ಎಂದು ಅವನಿಗೆ ಗೊತ್ತು. ದೊಡ್ಡವರಿಗೆ ಈ ಭಯ ಬೇರೆ ರೂಪದಲ್ಲಿ ಬರುತ್ತದೆ. ಸುವರ್ಣ ಚತುಷ್ಪಥ ಹೆದ್ದಾರಿಯ ಕೆಲಸದಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಎಂಜಿನಿಯರ್ ಸತ್ಯೇಂದ್ರ ದುಬೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಗುಟ್ಟು ಉಳಿಯಲಿಲ್ಲ. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಇಂಥವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾನೂನು ಮಾಡಿತು. ಅದು ಜಾರಿಗೆ ಬರದೆಯೇ ವರ್ಷಗಳು ಉರುಳಿದವು. ಒಬ್ಬ ಕಿರಿಯ ಎಂಜಿನಿಯರ್ ದೂರು ಕೊಟ್ಟು ಒಂದು ವರ್ಷವಾದ ಮೇಲೆ ಅದೇ ಸೈಟಿನಲ್ಲಿ, ಅದೇ ಹುದ್ದೆಯಲ್ಲಿ ಇದ್ದಾನೆಯೇ ಅಥವಾ ವರ್ಗವಾಗಿ ಹೋದನೇ? ಯಾವ ಕಂಪನಿಯ, ಯಾವ ಇಲಾಖೆಯ ನಡತೆಯನ್ನಾದರೂ ಅಳೆಯಲು ಹೊರಟವರು ಈ ಲೆಕ್ಕವನ್ನು ತೆಗೆಯಲೇಬೇಕು.

ದುಡ್ಡಿನ ವಿಷಯಕ್ಕೆ ಬರೋಣ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ 2011ರಲ್ಲಿ 19 ಉದ್ಯಮಗಳನ್ನು ಲಂಚ ಕೊಡುವ ಚಾಳಿಯ ಮೇಲೆ ತೂಗಿ ನೋಡಿದಾಗ ಕಾಮಗಾರಿ ಗುತ್ತಿಗೆ ಮತ್ತು ಕಟ್ಟಡ ನಿರ್ಮಾಣ ಎಲ್ಲಕ್ಕಿಂತ ಕೆಳಗಿನ ಸ್ಥಾನದಲ್ಲಿತ್ತು. ಇದಕ್ಕೆ ಒಂದು ಕಾರಣ ಕೆಲಸದ ಒಳಗೇ ಇದೆ. ಪಾಯ ಮುಚ್ಚಿದ ಮೇಲೆ ಪಾಯ ಕಾಣುವುದಿಲ್ಲ. ಮೋಲ್ಡ್ ಹಾಕಿದ ಮೇಲೆ ಕಂಬಿ ಕಾಣುವುದಿಲ್ಲ. ಅದಕ್ಕೇ ಲೋಕೋಪಯೋಗಿ ಇಲಾಖೆಯಲ್ಲಿ ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕ ಬಂತು. ಕಿರಿಯ ಎಂಜಿನಿಯರ್ ಅಳತೆ ಬರೆಯುತ್ತಾರೆ, ಮೇಲಿನವರು ಬಂದು ಮತ್ತೆ ಅಳೆದು ನೋಡುತ್ತಾರೆ. ಪದ್ಧತಿ ಚೆನ್ನಾಗಿಯೇ ಇದೆ. ಅಳತೆ ಬರೆದ ತಾರೀಖು ಕಾಂಕ್ರೀಟ್ ಹಾಕುವ ಮುಂಚಿನದೋ ಆಮೇಲಿನದೋ ಎಂದು ಒಮ್ಮೆ ತಾಳೆ ನೋಡಿದರೆ ಅರ್ಧ ಕತೆ ಹೊರಬರುತ್ತದೆ. ಕಂಬಿ ಮುಚ್ಚಿಹೋದ ಮೇಲೆ ಬರೆದ ಕಂಬಿಯ ಅಳತೆ ಏನು ಅಳತೆ?

ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ರೇರಾ ಇದೆ. 2016ರ ಆ ಕಾನೂನಿನ ಪ್ರಕಾರ ಕೊಳ್ಳುವವರು ಕಟ್ಟಿದ ದುಡ್ಡಿನಲ್ಲಿ ನೂರಕ್ಕೆ 70 ಭಾಗ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಕೆಲಸ ಇಷ್ಟಾಗಿದೆ ಎಂದು ಸರ್ಟಿಫಿಕೇಟ್ ಕೊಟ್ಟರೇನೇ ಅದರಿಂದ ತೆಗೆಯಲು ಸಾಧ್ಯ. ಮನೆ ವಶಕ್ಕೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಆ ಮೂವರ ಸರ್ಟಿಫಿಕೇಟಿನ ಅಂಕಿಯನ್ನೂ ಸೈಟಿನಲ್ಲಿ ನಿಜವಾಗಿ ಎದ್ದಿರುವ ಮಹಡಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಹಕ್ಕು ಕೊಳ್ಳುವವರಿಗಿದೆ.

ಆದರೆ ಕಾಮಾಕ್ಷಿಪಾಳ್ಯದ ಬಹುಪಾಲು ಕಟ್ಟಡಗಳು ರೇರಾದ ಬಲೆಗೆ ಬೀಳುವಂಥವಲ್ಲ. ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತು ಸೈಟು. ಕೆಳಗೆ ಒಂದು ಅಂಗಡಿಯೋ ವರ್ಕ್‌ಷಾಪೋ, ಮೇಲೆ ಬಾಡಿಗೆ ಮನೆಗಳು. ಇಲ್ಲಿ ತಂಡವೆಂದರೆ ಮಾಲೀಕರು, ಮೇಸ್ತ್ರಿ, ಕಂಬಿ ಕಟ್ಟುವವರು, ಸೆಂಟ್ರಿಂಗಿನವರು ಮತ್ತು ಪ್ಲಾನಿಗೆ ಸೀಲು ಹಾಕಿ ಆಮೇಲೆ ಆ ಕಡೆ ತಲೆ ಹಾಕದ ಎಂಜಿನಿಯರ್. ಇಲ್ಲಿ ನಡತೆಯ ಮೊದಲ ಅಳತೆ ಟೇಪಿನಲ್ಲೇ ಆಗುತ್ತದೆ. ಮಂಜೂರಾದ ಪ್ಲಾನಿನಲ್ಲಿ ಬಿಟ್ಟ ಜಾಗ ಎಷ್ಟು, ನೆಲದ ಮೇಲೆ ಬಿಟ್ಟದ್ದು ಎಷ್ಟು? ಪಾಯ ಎಷ್ಟು ಮಹಡಿಗೆಂದು ಹಾಕಿದ್ದು, ಎದ್ದದ್ದು ಎಷ್ಟು? ಇದರಲ್ಲಿ ಮಾಲೀಕರ ಪಾಲು ದೊಡ್ಡದು. ‘ಇನ್ನೊಂದು ಮಹಡಿ ಎತ್ತಿಬಿಡಪ್ಪ, ಬಾಡಿಗೆ ಬರುತ್ತೆ’ ಎನ್ನುವವರು ಅವರೇ. ಪ್ಲಾನ್ ಮೀರಿ ಕಟ್ಟಿದ್ದನ್ನು ಕಂಡೂ ಕಾಣದಂತಿರುವ ಕಾಲ ಮುಗಿಯುತ್ತಾ ಬಂದಿದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಬಹಳ ಕಟುವಾದ ತೀರ್ಪು ಕೊಟ್ಟು, ಸ್ವಾಧೀನಾನುಭವ ಪತ್ರವನ್ನು ಕರೆಂಟು, ನೀರಿನ ಸಂಪರ್ಕಕ್ಕೂ ಬ್ಯಾಂಕ್ ಸಾಲಕ್ಕೂ ಜೋಡಿಸಿತು.

ಎರಡನೆಯ ಅಳತೆ ನೀರಿನದು. ಮೋಲ್ಡ್ ಹಾಕುವ ದಿನ ತೆಂಗಿನಕಾಯಿ ಒಡೆದು, ಎಲ್ಲರಿಗೂ ಊಟ ಹಾಕಿ, ಮಾಲೀಕರು ಸಂತೋಷದಲ್ಲಿರುತ್ತಾರೆ. ಮೇಲೆ ಕಾಂಕ್ರೀಟ್ ಸರಾಗವಾಗಿ ಹರಿಯಲಿ ಎಂದು ಮಿಕ್ಸರಿಗೆ ಇನ್ನೊಂದು ಕೊಡ ನೀರು ಬೀಳುತ್ತದೆ. ಆ ಹೆಚ್ಚಿನ ನೀರು ಆರಿದಾಗ ಒಳಗೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ, ಬಲ ಇಳಿಯುತ್ತದೆ. ಆಮೇಲೆ ಕಟ್ಟೆ ಕಟ್ಟಿ ಕನಿಷ್ಠ ಏಳು ದಿನ, ಈಗ ಎಲ್ಲೆಲ್ಲೂ ಬಳಸುವ ಪಿಪಿಸಿ ಸಿಮೆಂಟಾದರೆ ಹತ್ತು ದಿನ, ನೀರು ನಿಲ್ಲಿಸಬೇಕಾದಾಗ ಅದೇ ನೀರಿಗೆ ಬರ ಬರುತ್ತದೆ. ಸುರಿಯುವಾಗ ಹೆಚ್ಚು, ನಿಲ್ಲಿಸುವಾಗ ಕಡಿಮೆ. ಈ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಲು ಎಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ. ಮನೆಯ ಹೈಸ್ಕೂಲ್ ಮಕ್ಕಳೂ ಬರೆಯಬಲ್ಲರು.

ಮನೆ ಕಟ್ಟಿಸಲು ಹೊರಟವರಿಗೆ ನನ್ನದೊಂದು ಬೇಡಿಕೆ ಇದೆ. ಮೇಸ್ತ್ರಿಯವರ ಜೊತೆ ಕರಾರು ಮಾಡಿಕೊಳ್ಳುವಾಗ ಚದರಕ್ಕೆ ಎಷ್ಟು ಎಂಬುದರ ಜೊತೆಗೆ ಎರಡು ಸಾಲು ಸೇರಿಸಿ. ಮೊದಲನೆಯದು, ಪ್ರತಿ ಮೋಲ್ಡಿನ ದಿನ ಮಾಲೀಕರ ಎದುರಿನಲ್ಲಿ ಕ್ಯೂಬು ತುಂಬಿಸಿ, ಮಾಲೀಕರ ಖರ್ಚಿನಲ್ಲೇ ಲ್ಯಾಬಿಗೆ ಕಳುಹಿಸಬೇಕು. ಎರಡನೆಯದು ಇನ್ನೂ ಮುಖ್ಯ. ಕೆಲಸದಲ್ಲಿ ಆದ ದೋಷವನ್ನು ಮೇಸ್ತ್ರಿಯವರಾಗಲಿ ಅವರ ಆಳುಗಳಾಗಲಿ ತಾವಾಗಿಯೇ ತೋರಿಸಿದರೆ, ಅದನ್ನು ಸರಿಪಡಿಸುವ ಸಾಮಾನಿನ ಖರ್ಚು ಮಾಲೀಕರದು, ಕೂಲಿಯಲ್ಲಿ ಒಂದು ಪೈಸೆಯನ್ನೂ ಮುರಿಯುವುದಿಲ್ಲ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಪೂರ್ತಿ ಖರ್ಚು ಮೇಸ್ತ್ರಿಯವರದು. ಕ್ಯೂಬು ಕೈಕೊಟ್ಟರೆ ಮೋಲ್ಡನ್ನು ಅಂದೇ ಒಡೆಯಬೇಕೆಂದೇನೂ ಇಲ್ಲ. ಆ ಜಾಗದಿಂದ ಸಿಲಿಂಡರ್ ಆಕಾರದ ಕನಿಷ್ಠ ಮೂರು ತುಂಡು ಕೊರೆದು ತೆಗೆದು ಪರೀಕ್ಷಿಸುತ್ತಾರೆ. ಅವುಗಳ ಸರಾಸರಿ ಬೇಕಾದ ಬಲದ ನೂರಕ್ಕೆ 85ರಷ್ಟಿದ್ದು, ಯಾವೊಂದೂ 75ಕ್ಕಿಂತ ಕೆಳಗಿಲ್ಲದಿದ್ದರೆ ಮಾನಕವೇ ಅದನ್ನು ಒಪ್ಪುತ್ತದೆ. ಆ ಕೊರೆಸುವ ಖರ್ಚು ಯಾರದೆಂಬುದನ್ನೂ ಕರಾರಿನಲ್ಲೇ ಬರೆದು, ಇಬ್ಬರೂ ಸಹಿ ಹಾಕಿದ ಮೇಲೆ ಪಾಯದ ಗುದ್ದಲಿ ಪೂಜೆಗೆ ದಿನ ನೋಡಿ.